ಗಾಡಿ ಇಟ್ಟುಕೊಳ್ಳಬೇಕಾ, ಮಾರಬೇಕಾ? ಬೆಳಗಾವಿಯಲ್ಲಿ ಹೊಸದಾಗಿ ದುಡಿಯುವವರಿಗೆ ಒಂದು ಲೆಕ್ಕ

ಗಾಡಿ ಮಾರುವ ಮಾತು ಬಂದರೆ ಎಲ್ಲರೂ ಮೊದಲು ಹಿಡಿಯುವುದು ಪೆಟ್ರೋಲ್ ರೇಟು. "ಲೀಟರಿಗೆ ನೂರು ದಾಟೇತಿ, ಯಾರ್ ಹೊಡಿತಾರಪಾ ಗಾಡಿ" ಅಂತ ಚಹಾ ಅಂಗಡಿ ಮುಂದೆ ನಿಂತು ಮಾತಾಡುತ್ತಾರೆ. ಸಂಜೆ ಅದೇ ಗಾಡಿ ಹತ್ತಿ ಖಡೇಬಜಾರಿಗೆ ಹೋಗುತ್ತಾರೆ. ಪೆಟ್ರೋಲು ಕಣ್ಣೆದುರಿಗೆ ಕೈಯಾರೆ ಕೊಡುವ ರೊಕ್ಕ, ಅದಕ್ಕೇ ಅದರ ಮೇಲೆ ಸಿಟ್ಟು ಜಾಸ್ತಿ. ಆದರೆ ಇಪ್ಪತ್ತೆರಡು, ಇಪ್ಪತ್ತೈದರ ವಯಸ್ಸಿನಲ್ಲಿ ಹೊಸದಾಗಿ ದುಡಿಯಲು ಶುರು ಮಾಡಿದವರ ಸಂಬಳವನ್ನು ನಿಜಕ್ಕೂ ತಿನ್ನುವುದು ತಿಂಗಳು ತಿಂಗಳು ಖಾತೆಯಿಂದ ಕಟ್ ಆಗುವ ಕಂತು. ಅದು ಬಿಟ್ಟರೆ ಓಡದೆ ಸುಮ್ನೆ ನಿಂತ ಗಾಡಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯಂಥ ಊರಲ್ಲಿ ಸಾಲ ತೀರಿದ ಸಣ್ಣ ಗಾಡಿ ಇದ್ದರೆ ಮಾರಬೇಡಿ. ಸಾಲ ಇರುವ ದೊಡ್ಡ ಬೈಕು ಇದ್ದರೆ ಇವತ್ತೇ ಕೂತು ಲೆಕ್ಕ ಹಾಕಿ. ಒಬ್ಬರೇ ಓಡಾಡಲು ಕಾರು ಇಟ್ಟುಕೊಂಡಿದ್ದರೆ ಬಹುತೇಕ ಮಾರುವುದೇ ಸರಿ. ಯಾಕೆ ಹೀಗೆ ಅನ್ನುತ್ತೇನೆ ಅನ್ನೋದು ಮುಂದೆ ಇದೆ. ನಿಮ್ಮ ಅಂಕಿ ಬೇರೆ ಇದ್ದರೆ ಬೇರೆ ಉತ್ತರವೂ ಬರಬಹುದು.

ಒಂದು ತಿಂಗಳ ಲೆಕ್ಕ

ಒಬ್ಬ ಹುಡುಗನನ್ನು ಹಿಡಿಯೋಣ. ಮಹಾಂತೇಶ ನಗರದಲ್ಲಿ ರೂಮು, ಉದ್ಯಮಬಾಗದ ಮಶೀನ್ ಶಾಪಿನಲ್ಲಿ ಕೆಲಸ. ಕೈಗೆ 20,000 ಬರುತ್ತದೆ. ರೂಮಿನ ಪಾಲು 3,000, ಖಾನಾವಳಿಗೆ 4,000, ಮನೆಗೆ 4,000. ಉಳಿಯುವುದು 9,000. ಫೋನು, ಬಟ್ಟೆ, ಔಷಧ, ಗೆಳೆಯರ ಮದುವೆ, ಉಳಿತಾಯ ಎಲ್ಲ ಇದರಲ್ಲೇ ಆಗಬೇಕು.

ಅವನ ಹತ್ತಿರ 110 ಸಿಸಿಯ ಹಳೆಯ ಬೈಕು ಇದೆ, ಸಾಲ ತೀರಿದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ ಹೋಗಿ ಬರಲು 18 ಕಿಲೋಮೀಟರ್, ಅಲ್ಲಿ ಇಲ್ಲಿ ತಿರುಗಾಟ ಸೇರಿ ತಿಂಗಳಿಗೆ 600. ಲೀಟರಿಗೆ 45 ಮೈಲೇಜು, ರೇಟು 103 ಹಿಡಿದರೆ ಪೆಟ್ರೋಲಿಗೆ ಸುಮಾರು 1,400. ಸರ್ವಿಸು, ಆಯಿಲ್ಲು, ಟೈರು, ಚೈನ್ ಎಲ್ಲ ವರ್ಷದ ಲೆಕ್ಕ ಮಾಡಿ ಹನ್ನೆರಡಕ್ಕೆ ಹಂಚಿದರೆ 450. ಇನ್ಶೂರೆನ್ಸು 150. ಇನ್ನೊಂದು ಖರ್ಚನ್ನು ಯಾರೂ ಬರೆದಿಡುವುದಿಲ್ಲ, ಗಾಡಿಯ ಬೆಲೆ ಇಳಿಯುವುದು. ಇವತ್ತು 50,000ಕ್ಕೆ ಹೋಗುವ ಗಾಡಿ ಮುಂದಿನ ವರ್ಷ 44,000ಕ್ಕೆ ಹೋದರೆ ತಿಂಗಳಿಗೆ 500 ಕರಗಿದ ಹಾಗೆ. ಒಟ್ಟು 2,500.

ಅದೇ ಹುಡುಗ ಗಾಡಿ ಮಾರಿ ಬಸ್ಸಿಗೆ ಬಂದ ಅಂದುಕೊಳ್ಳಿ. ಮಹಾಂತೇಶ ನಗರ ಊರಿನ ಒಂದು ತುದಿ, ಉದ್ಯಮಬಾಗ ಇನ್ನೊಂದು ತುದಿ. ಊರ ನಡುವಿನ ಸಿಬಿಟಿ ಬಸ್ ನಿಲ್ದಾಣದಲ್ಲಿ ಇಳಿದು ಬಸ್ಸು ಬದಲಿಸಬೇಕು. ಎರಡೂ ಕಡೆ ಸೇರಿ ದಿನಕ್ಕೆ 60 ರೂಪಾಯಿ ಹಿಡಿದರೆ 26 ದಿನಕ್ಕೆ 1,560. ತಿಂಗಳಲ್ಲಿ ಎಂಟು ಸಲವಾದರೂ ತಡವಾಗಿ, ಮಳೆಯಾಗಿ, ಇಲ್ಲಾ ಸಾಮಾನು ಇದ್ದು ಆಟೋ ಹತ್ತಲೇಬೇಕಾಗುತ್ತದೆ. ನಮ್ಮೂರಲ್ಲಿ ಮೀಟರ್ ಹಾಕುವ ಆಟೋ ಹುಡುಕುವುದಕ್ಕಿಂತ ಚೌಕಾಸಿ ಮಾಡುವುದು ಸುಲಭ. ಒಂದು ಸಲಕ್ಕೆ 150 ಅಂದರೂ 1,200 ಆಯಿತು. ಒಟ್ಟು 2,760.

ಅಂದರೆ ಸಾಲ ಇಲ್ಲದ ಸಣ್ಣ ಗಾಡಿಯೂ ಬಸ್ಸೂ ಹೆಚ್ಚುಕಮ್ಮಿ ಒಂದೇ. ಗಾಡಿ ಮಾರಿ ಭಾರಿ ಉಳಿತಾಯ ಮಾಡಿಬಿಡುತ್ತೇನೆ ಅನ್ನುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಬೆಂಗಳೂರಿನ ಹುಡುಗರು ಮೆಟ್ರೋ ಪಾಸ್ ತೋರಿಸಿ ಗಾಡಿ ಮಾರಿದೆ ಅಂದರೆ ಅದು ಅಲ್ಲಿಯ ಲೆಕ್ಕ. ಇಲ್ಲಿಗೆ ಅದನ್ನು ತರಬೇಡಿ.

ಈಗ ಇನ್ನೊಬ್ಬ ಹುಡುಗ. ಸಂಬಳ ಅದೇ, ರೂಮು ಅದೇ. ಆದರೆ ಕೆಲಸ ಸಿಕ್ಕ ಖುಷಿಗೆ 150 ಸಿಸಿಗಿಂತ ದೊಡ್ಡ ಬೈಕು ತೆಗೆದಿದ್ದಾನೆ. 90,000 ಸಾಲ, ಶೇಕಡಾ 12 ಬಡ್ಡಿ, ಮೂರು ವರ್ಷ. ಕಂತು 2,990. ಮೈಲೇಜು 38ಕ್ಕೆ ಇಳಿದಿದೆ, ಪೆಟ್ರೋಲು 1,600 ದಾಟಿತು. ಸರ್ವಿಸಿಗೆ 550, ಇನ್ಶೂರೆನ್ಸಿಗೆ 150. ಒಟ್ಟು 5,300ರ ಆಚೆಈಚೆ. ಉಳಿದ 9,000ದಲ್ಲಿ ಅರ್ಧಕ್ಕಿಂತ ಜಾಸ್ತಿ ಗಾಡಿಗೇ ಹೋಯಿತು. ಪೆಟ್ರೋಲಿನಲ್ಲಿ ಮೊದಲಿನವನಿಗೂ ಇವನಿಗೂ ಇರುವ ಫರಕು ಬರೀ 200 ಚಿಲ್ಲರೆ, ನೋಡಿದಿರಾ?

ಹೆಣ್ಣುಮಕ್ಕಳ ಲೆಕ್ಕ ಬೇರೆ

ಮೇಲಿನ ಬಸ್ಸಿನ ಲೆಕ್ಕವನ್ನು ಒಬ್ಬ ಹುಡುಗಿಗೆ ಹಾಕಿ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಒಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಟಿಕೆಟ್ ಇಲ್ಲ. ವಾಯವ್ಯ ಸಾರಿಗೆಯ ಸಿಟಿ ಬಸ್ಸಿಗೂ ಇದು ಅನ್ವಯ. 1,560 ಹೋಗಿ ಸೊನ್ನೆ ಆಯಿತು. ಉಳಿದದ್ದು ಆಟೋದ 1,200. ವಾರಕ್ಕೊಮ್ಮೆ ಬೈಲಹೊಂಗಲಕ್ಕೋ ಗೋಕಾಕಿಗೋ ಮನೆಗೆ ಹೋಗಿ ಬರುವುದೂ ಪುಕ್ಕಟೆ. 2025ರ ಜನವರಿಯಲ್ಲಿ ಟಿಕೆಟ್ ದರ ಶೇಕಡಾ 15 ಏರಿದಾಗ ಅಣ್ಣನ ಜೇಬಿಗೆ ಬಿಸಿ ತಟ್ಟಿತು, ತಂಗಿಗೆ ಗೊತ್ತೇ ಆಗಲಿಲ್ಲ.

ಹಾಗಾಗಿ ಒಂದೇ ಮನೆಯ ಅಣ್ಣ-ತಂಗಿ ಒಂದೇ ಸ್ಕೂಟಿಯ ಬಗ್ಗೆ ಬೇರೆ ಬೇರೆ ನಿರ್ಧಾರ ಮಾಡಿದರೆ ಇಬ್ಬರೂ ಸರಿ ಇರಬಹುದು. ನೆಹರು ನಗರದ ಆಸ್ಪತ್ರೆಯಲ್ಲೋ ಚನ್ನಮ್ಮ ಸರ್ಕಲ್ಲಿನ ಹತ್ತಿರದ ಬ್ಯಾಂಕಿನಲ್ಲೋ ಹಗಲು ಡ್ಯೂಟಿ ಇದ್ದು, ಬಸ್ ಸ್ಟಾಪು ನಡೆಯುವಷ್ಟು ಹತ್ತಿರ ಇದ್ದರೆ, ಹುಡುಗಿಯರಿಗೆ ಹೊಸ ಗಾಡಿ ಸಾಲದ ಮೇಲೆ ತೆಗೆಯಲು ಕಾರಣವೇ ಇಲ್ಲ.

ಆದರೆ ಎರಡು ಕಡೆ ಈ ಲೆಕ್ಕ ತಪ್ಪುತ್ತದೆ. ಒಂದು, ಗಡಿ. ಅಂತರರಾಜ್ಯ ಬಸ್ಸಿಗೆ ಶಕ್ತಿ ನಡೆಯುವುದಿಲ್ಲ. ಚಂದಗಡದ ಕಡೆಯಿಂದ ಬಂದು ಇಲ್ಲಿ ಕೆಲಸ ಮಾಡುವ ಹುಡುಗಿಯ ಆಧಾರ್ ಮಹಾರಾಷ್ಟ್ರದ್ದಾದರೆ ಸಿಟಿ ಬಸ್ಸಿನಲ್ಲೂ ಟಿಕೆಟ್ ತೆಗೆಯಲೇಬೇಕು. ಎರಡು, ರಾತ್ರಿ. ಸ್ಟಾಪಿನಿಂದ ರೂಮಿಗೆ ಕತ್ತಲಲ್ಲಿ ಒಂದು ಕಿಲೋಮೀಟರ್ ನಡೆಯಬೇಕು ಅಂದರೆ ಪುಕ್ಕಟೆ ಬಸ್ಸಿಗೆ ಅರ್ಥ ಇಲ್ಲ. ಅಂಥವರು ಹಳೆಯ ಸ್ಕೂಟಿ ಇದ್ದರೆ ಇಟ್ಟುಕೊಳ್ಳಲಿ. ಹಗಲು ಬಸ್ಸು, ತಡವಾಗುವ ದಿನ ಸ್ಕೂಟಿ. ಹೀಗೆ ಮಾಡಿದರೆ ಪೆಟ್ರೋಲು ತಿಂಗಳಿಗೆ ನಾಲ್ಕೈದು ನೂರು ದಾಟುವುದಿಲ್ಲ.

ರೊಕ್ಕಕ್ಕಿಂತ ಮೊದಲು ಗಡಿಯಾರ ನೋಡಿ

ಬಸ್ಸಾ ಗಾಡಿಯಾ ಅನ್ನೋದನ್ನು ಬಹಳ ಸಲ ತೀರ್ಮಾನ ಮಾಡುವುದು ನಿಮ್ಮ ಶಿಫ್ಟು. ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿ, ಮಶೀನ್ ಶಾಪುಗಳಲ್ಲಿ ಸೆಕೆಂಡ್ ಶಿಫ್ಟು ಬಿಡುವುದು ರಾತ್ರಿ. ಹತ್ತು ಗಂಟೆ ಮೇಲೆ ಸಿಟಿ ಬಸ್ಸು ನೆಚ್ಚಿಕೊಂಡು ಖಾನಾಪುರ ರೋಡಿನಲ್ಲಿ ನಿಲ್ಲುವ ಹಾಗಿಲ್ಲ. ಗಾಡಿ ಇದ್ದವನು ಅರ್ಧ ಗಂಟೆಗೆ ಮನೆ ಸೇರುತ್ತಾನೆ. ಇಲ್ಲದವನು ಜೊತೆಗಾರನ ಹಿಂದೆ ಕೂರಬೇಕು, ಅವನು ರಜೆ ಹಾಕಿದ ದಿನ ಪರದಾಡಬೇಕು.

ಇದಕ್ಕೆ ಇನ್ನೊಂದು ದಾರಿಯೂ ಇದೆ, ಬಹಳ ಜನ ಯೋಚನೆ ಮಾಡುವುದಿಲ್ಲ. ರೂಮನ್ನೇ ಬದಲಿಸಿ. ಉದ್ಯಮಬಾಗದಲ್ಲಿ ಕೆಲಸ ಇದ್ದು ಮಹಾಂತೇಶ ನಗರದಲ್ಲಿ ಇರುವುದು ಗೆಳೆಯರಿದ್ದಾರೆ ಅಂತ ತಾನೇ? ಮಚ್ಛೆ ಕಡೆ ರೂಮು ಸಿಕ್ಕರೆ, ಬಾಡಿಗೆ 500 ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಸೈಕಲ್ಲು ಸಾಕಾಗುತ್ತದೆ. ಮಚ್ಛೆಯ ವಿಟಿಯು ಕ್ಯಾಂಪಸ್ಸಿಗೆ ಹೋಗುವವರಿಗೂ ಇದೇ ಮಾತು. ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಮಾತ್ರ ಬಸ್ಸೇ ಒಳ್ಳೆಯದು ಅನ್ನುತ್ತೇನೆ. ವಿದ್ಯಾರ್ಥಿ ಪಾಸು ಸಿಗುತ್ತದೆ, ಮತ್ತೆ ಹೈವೇಯಲ್ಲಿ ಲಾರಿಗಳ ನಡುವೆ ದಿನಾ ಸ್ಕೂಟಿ ಹೊಡೆಯುವ ಕಷ್ಟ ತಪ್ಪುತ್ತದೆ.

ಟಿಳಕವಾಡಿಯ ಮೊದಲ ರೈಲ್ವೆ ಗೇಟು, ಎರಡನೇ ಗೇಟು ದಾಟಿ ಹೋಗುವವರಿಗೆ ಗೊತ್ತು, ಗೇಟು ಬಿದ್ದರೆ ಬಸ್ಸೂ ಅಷ್ಟೇ, ಬೈಕೂ ಅಷ್ಟೇ. ಅಲ್ಲಿ ಗಾಡಿಯಿಂದ ಏನೂ ಲಾಭ ಇಲ್ಲ.

ಇನ್ನು ಮಳೆ. ಗಾಡಿಯ ಲೆಕ್ಕ ಹಾಕುವವರು ಬೇಸಿಗೆಯಲ್ಲಿ ಕೂತು ಹಾಕುತ್ತಾರೆ. ಬೆಳಗಾವಿಯ ಮಳೆ ವಿಜಯಪುರ, ಬಾಗಲಕೋಟೆಯ ಮಳೆಯ ಹಾಗಲ್ಲ. ಜೂನಿನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ರೇನ್‌ಕೋಟಿನ ಕಾಲರಿನಿಂದ ಇಳಿದ ನೀರು ಬನಿಯನ್ ತೋಯಿಸುತ್ತದೆ, ಬೂಟಿನೊಳಗೆ ಪಚಕ್ ಪಚಕ್ ಅನ್ನುತ್ತದೆ, ಹೆಲ್ಮೆಟ್ ಗಾಜು ಮಂಜಾಗಿ ಎದುರಿನ ಗುಂಡಿ ಕಾಣುವುದಿಲ್ಲ. ನಾಲ್ಕು ತಿಂಗಳು ಗಾಡಿ ಇದ್ದೂ ಬಸ್ಸು ಹತ್ತುವವರಿದ್ದಾರೆ. ನೀವು ಆ ಪೈಕಿ ಆದರೆ ವರ್ಷದ ಲೆಕ್ಕವನ್ನು ಎಂಟು ತಿಂಗಳ ಗಾಡಿ, ನಾಲ್ಕು ತಿಂಗಳ ಬಸ್ಸು ಅಂತಲೇ ಹಾಕಿ.

ಸಾಲದ ಬೈಕು ಕೈಯಲ್ಲಿದ್ದರೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ಯಾಕೆಂದರೆ ರೊಕ್ಕ ಹೆಚ್ಚು ಹೋಗುವುದು ಇಲ್ಲೇ.

ಮೊದಲು ನಿಮ್ಮ ಸಾಲದ ಕಾಗದ ತೆಗೆದು ಬಡ್ಡಿ ಯಾವ ಥರದ್ದು ಅಂತ ನೋಡಿ. "ಬರೀ 10 ಪರ್ಸೆಂಟ್ ಬಡ್ಡಿ" ಅಂತ ಕೌಂಟರಿನಲ್ಲಿ ಹೇಳಿದ್ದು ಫ್ಲಾಟ್ ರೇಟ್ ಇರಬಹುದು. ಫ್ಲಾಟ್ ಅಂದರೆ ನೀವು ಎಷ್ಟು ತೀರಿಸಿದರೂ ಪೂರ್ತಿ ಅಸಲಿನ ಮೇಲೇ ಬಡ್ಡಿ. 90,000ಕ್ಕೆ ಶೇಕಡಾ 10 ಫ್ಲಾಟ್, ಮೂರು ವರ್ಷ ಅಂದರೆ ಬಡ್ಡಿ 27,000, ಕಂತು 3,250. ಇಳಿಯುವ ಅಸಲಿನ ಮೇಲೆ ಲೆಕ್ಕ ಹಾಕಿದರೆ ಇದು ಶೇಕಡಾ 18ರ ಹತ್ತಿರ ಬರುತ್ತದೆ. ಅದೇ 90,000ಕ್ಕೆ ಇಳಿಯುವ ಅಸಲಿನ ಮೇಲೆ ಶೇಕಡಾ 12 ಅಂದರೆ ಬಡ್ಡಿ ಸುಮಾರು 17,600 ಮಾತ್ರ. ಹತ್ತು ಕಮ್ಮಿ, ಹನ್ನೆರಡು ಜಾಸ್ತಿ ಅಂತ ಕಣ್ಣಿಗೆ ಕಾಣುತ್ತದೆ, ಜೇಬಿಗೆ ಉಲ್ಟಾ.

ಈಗ ಒಂದು ವರ್ಷ ಕಂತು ಕಟ್ಟಿದ್ದೀರಿ, ಮಾರಬೇಕು ಅನಿಸಿದೆ ಅಂದುಕೊಳ್ಳಿ. ಶೇಕಡಾ 12ರ ಸಾಲದಲ್ಲಿ 36,000ದ ಹತ್ತಿರ ಕಟ್ಟಿದ ಮೇಲೂ ಬಾಕಿ ಅಸಲು 63,500 ಇರುತ್ತದೆ. ಮೊದಮೊದಲ ಕಂತುಗಳಲ್ಲಿ ಬಡ್ಡಿಯ ಪಾಲು ದೊಡ್ಡದು, ಅದಕ್ಕೇ ಹೀಗೆ. ಬೈಕು 80,000ಕ್ಕೆ ಹೋದರೆ ಸಾಲ ತೀರಿಸಿ ಕೈಗೆ ಬರುವುದು 16,500. ಅದರಲ್ಲೂ ಅವಧಿಗೆ ಮುಂಚೆ ತೀರಿಸಿದ್ದಕ್ಕೆ ಶುಲ್ಕ ಹಿಡಿಯಬಹುದು. ಬಹುತೇಕ ಬೈಕ್ ಸಾಲಗಳು ಫಿಕ್ಸೆಡ್ ಬಡ್ಡಿಯವು, ಒಪ್ಪಂದದಲ್ಲಿ ಆ ಶುಲ್ಕ ಬರೆದಿರುತ್ತದೆ. ಮಾರುವ ಮೊದಲು ಫೋರ್‌ಕ್ಲೋಜರ್ ಮೊತ್ತ, ಅಂದರೆ ಇವತ್ತೇ ಪೂರ್ತಿ ಸಾಲ ತೀರಿಸಲು ಎಷ್ಟು ಕಟ್ಟಬೇಕು ಅನ್ನುವುದನ್ನು, ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ.

ಕೈಗೆ ಬಂದ 16,500 ನೋಡಿ ಹೊಟ್ಟೆ ಉರಿಯುತ್ತದೆ, ನಿಜ. "30,000 ಡೌನ್ ಪೇಮೆಂಟು, 36,000 ಕಂತು, ಇಷ್ಟು ಕಟ್ಟಿ ಇಷ್ಟೇನಾ" ಅಂತ ಮಾರುವುದನ್ನೇ ಬಿಡುತ್ತಾರೆ. ಆದರೆ ಹೋದ ರೊಕ್ಕ ಹೋಯಿತು. ಈಗ ನೋಡಬೇಕಾದದ್ದು ಮುಂದಿನ 24 ಕಂತು. ಅಂದರೆ 71,700 ರೂಪಾಯಿ. ಆ ರೊಕ್ಕ ಈ ಬೈಕಿಗೇ ಹಾಕಬೇಕಾ, ಬೇರೆ ಏನಾದರೂ ಮಾಡಬೇಕಾ ಅನ್ನುವುದಷ್ಟೇ ಪ್ರಶ್ನೆ.

ನನ್ನ ಪ್ರಕಾರ ಇಲ್ಲಿ ಒಳ್ಳೆಯ ದಾರಿ ಮಾರಿ ಬಸ್ಸಿಗೆ ಬರುವುದಲ್ಲ, ಗಾಡಿ ಇಳಿಸಿಕೊಳ್ಳುವುದು. ಕೈಗೆ ಬಂದ 16,500ಕ್ಕೆ ಇನ್ನೊಂದಿಷ್ಟು ಸೇರಿಸಿ 30,000ದೊಳಗೆ 100-110 ಸಿಸಿಯ ಹಳೆಯ ಗಾಡಿ ಸಾಲವಿಲ್ಲದೆ ತೆಗೆಯಿರಿ. ತಿಂಗಳಿಗೆ 2,800ರ ಹತ್ತಿರ ಉಳಿಯುತ್ತದೆ. ಓಡಾಟಕ್ಕೂ ಅಡ್ಡಿ ಇಲ್ಲ. ಗೆಳೆಯರು ಎರಡು ವಾರ ನಗುತ್ತಾರೆ, ಆಮೇಲೆ ಅದೇ ಗಾಡಿ ಕೇಳಲು ಬರುತ್ತಾರೆ.

ಯಾವಾಗ ಮಾರಬಾರದು? ಕಂತು ಇನ್ನು ಎಂಟು-ಹತ್ತು ಮಾತ್ರ ಉಳಿದಿದ್ದರೆ ಬೇಡ. ಬಡ್ಡಿ ಆಗಲೇ ಕಟ್ಟಿ ಆಗಿದೆ, ಉಳಿದದ್ದು ಬಹುಪಾಲು ಅಸಲು. ಗಟ್ಟಿಯಾಗಿ ತೀರಿಸಿ, ಆಮೇಲೆ ಐದಾರು ವರ್ಷ ಅದೇ ಗಾಡಿ ಓಡಿಸಿ. ಸಾಲ ತೀರಿದ ದಿನವೇ ಇನ್ನೊಂದು ಕೆಲಸ ಮಾಡಿ. ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಫಾರ್ಮ್ 35 ತೆಗೆದುಕೊಂಡು ಆರ್‌ಸಿಯಲ್ಲಿರುವ ಸಾಲದ ನಮೂದು ತೆಗೆಸಿ. ಅದು ಹಾಗೇ ಉಳಿದರೆ ನಾಲ್ಕು ವರ್ಷದ ಮೇಲೆ ಮಾರುವಾಗ ಹಳೆಯ ಫೈಲು ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಕೊಲ್ಲಾಪುರದ ಅಗ್ಗದ ಗಾಡಿ

ಇಳಿಸಿಕೊಳ್ಳಲು ಹೊರಟವರಿಗೆ ಬೆಳಗಾವಿಯಲ್ಲಿ ಒಂದು ಆಸೆ ಹತ್ತಿರದಲ್ಲೇ ಇರುತ್ತದೆ, ಎಂಎಚ್-09 ನಂಬರಿನ ಗಾಡಿ. ಕೊಲ್ಲಾಪುರದ್ದು, ಕಂಡೀಷನ್ ಚೆನ್ನಾಗಿದೆ, ರೇಟು ಐದಾರು ಸಾವಿರ ಕಮ್ಮಿ. ಗೋವಾದ ಜಿಎ ನಂಬರಿನದ್ದೂ ಬರುತ್ತವೆ. ತೆಗೆದುಕೊಳ್ಳಬಾರದು ಅಂತ ಅಲ್ಲ. ಆದರೆ ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿಯ ನಂಬರು ಮಾಡಿಸಲೇಬೇಕು. ಅದಕ್ಕೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಜೀವಾವಧಿ ತೆರಿಗೆ ಕಟ್ಟಬೇಕು. ಇದನ್ನೆಲ್ಲ ಕೂಡಿಸಿದರೆ ಆ ಐದಾರು ಸಾವಿರ ಉಳಿಯುವುದು ಕಷ್ಟ. ನಾನಾದರೆ ಕೆಎ-22, ಕೆಎ-23, ಕೆಎ-24, ಕೆಎ-49 ಇಷ್ಟರಲ್ಲೇ ಹುಡುಕುತ್ತೇನೆ. ಬೆಳಗಾವಿ, ಚಿಕ್ಕೋಡಿ, ಬೈಲಹೊಂಗಲ, ಗೋಕಾಕ, ಎಲ್ಲ ಕೂಗಳತೆಯ ಆರ್‌ಟಿಒಗಳು.

2019ರ ಏಪ್ರಿಲ್ 1ಕ್ಕಿಂತ ಮೊದಲಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ. ಹಳೆಯ ದಂಡ ಬಾಕಿ ಇದೆಯಾ ಅಂತ ಆನ್‌ಲೈನಿನಲ್ಲಿ ನಂಬರು ಹಾಕಿ ನೋಡಿ. ಇಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀವು ಬರುತ್ತೀರಿ ಅಂತ ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ವಾಪಸ್ ಬನ್ನಿ.

ಊರಲ್ಲಿ ಅಪ್ಪನ ಹತ್ತಿರ ಬಿಟ್ಟರೆ?

ಇದು ನಮ್ಮ ಕಡೆ ಬಹಳ ಮನೆಗಳಲ್ಲಿ ಆಗುವ ರಾಜಿ. ಮಗನಿಗೆ ಸಿಟಿಯಲ್ಲಿ ಗಾಡಿ ಬೇಕಿಲ್ಲ, ಊರಲ್ಲಿ ಹೊಲಕ್ಕೆ ಹೋಗಲು, ಡೇರಿಗೆ ಹಾಲು ಹಾಕಲು, ಸಂತೆಗೆ ಹೋಗಲು ಅಪ್ಪನಿಗೆ ಬೇಕು. ಕೆಲಸಕ್ಕೆ ಬರುವ ಜಾಗದಲ್ಲಿ ಗಾಡಿ ಇರುವುದು ಒಳ್ಳೆಯದೇ. ಮಾರಿದರೆ 30,000 ಬರುವ ಗಾಡಿ ಊರಲ್ಲಿ ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಆದರೆ ಆರ್‌ಸಿ ನಿಮ್ಮ ಹೆಸರಿನಲ್ಲೇ ಇರುತ್ತದೆ, ಅದನ್ನು ಮರೆಯಬೇಡಿ. ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟರೆ ಮಾಲೀಕನಿಗೆ 5,000 ದಂಡ ಇದೆ. ಹೈಸ್ಕೂಲಿಗೆ ಹೋಗುವ ತಮ್ಮ ಹೊಡೆದು ಸಿಕ್ಕಿಬಿದ್ದರೆ ಮಾತು ಇನ್ನೂ ದೂರ ಹೋಗುತ್ತದೆ. 2019ರ ತಿದ್ದುಪಡಿಯ ಮೇಲೆ ಅಪ್ರಾಪ್ತರ ವಿಷಯದಲ್ಲಿ 25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಊರಲ್ಲಿ ಯಾರು ಹಿಡಿಯುತ್ತಾರೆ ಅನ್ನುವುದು ಅಪಘಾತ ಆಗುವ ತನಕದ ಮಾತು. ಇನ್ಶೂರೆನ್ಸು ಮುಗಿದಿದ್ದರೆ ಪರಿಹಾರದ ಹೊಣೆ ನಿಮ್ಮ ಸಂಬಳದ ಮೇಲೇ ಬರುತ್ತದೆ. ಹಾಗಾಗಿ ಊರಲ್ಲಿ ಬಿಡುವುದಾದರೆ ಮೂರನೇ ವ್ಯಕ್ತಿ ವಿಮೆ (ಅಪಘಾತದಲ್ಲಿ ಎದುರಿನವರಿಗೆ ಪರಿಹಾರ ಕೊಡುವ ವಿಮೆ) ಮುಗಿಯುವ ತಾರೀಕಿಗೆ ನಿಮ್ಮ ಫೋನಿನಲ್ಲಿ ಅಲಾರಾಂ ಇಟ್ಟುಕೊಳ್ಳಿ. 2022ರ ದರಪಟ್ಟಿಯಲ್ಲಿ 75ರಿಂದ 150 ಸಿಸಿ ಬೈಕಿಗೆ ಅದು 714 ರೂಪಾಯಿ, ಮೇಲೆ ಜಿಎಸ್‌ಟಿ. ಅದಿಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲದ ದಂಡವೇ 2,000.

ಶನಿವಾರ ಊರಿಗೆ ಬೈಕಿನಲ್ಲೇ ಹೋಗುತ್ತೇನೆ, ಅದಕ್ಕೇ ಗಾಡಿ ಬೇಕು ಅನ್ನುವವರಿಗೆ ಒಂದು ಮಾತು. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಬೇಡ. ಗೋಕಾಕ, ಹುಕ್ಕೇರಿ, ರಾಯಬಾಗ, ಅಥಣಿ ಕಡೆ ನವೆಂಬರಿನಿಂದ ಮಾರ್ಚ್ ತನಕ ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹೋಗುತ್ತಿರುತ್ತಾರೆ. ಹಿಂದೆ ದೀಪ ಇರುವುದಿಲ್ಲ, ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಎದುರಿನಿಂದ ಲಾರಿಯ ಲೈಟು ಕಣ್ಣಿಗೆ ಹೊಡೆದಾಗ ಆ ಟ್ರೇಲರ್ ನಿಮಗೆ ಕಾಣುವುದೇ ಇಲ್ಲ. ಇದಕ್ಕೆ ಬಸ್ಸಿನ ಟಿಕೆಟ್ ಎಷ್ಟಾದರೂ ಅಗ್ಗ.

ನಿಂತ ಗಾಡಿ, ಮತ್ತೆ ಕಾರು

"ಇರಲಿ ಬಿಡ್ರಿ, ಯಾವಾಗರ ಬೇಕಾಗತೈತಿ" ಅಂತ ನಿಲ್ಲಿಸಿದ ಗಾಡಿ ಒಂದು ಮಳೆಗಾಲ ಕಳೆದ ಮೇಲೆ ಹೇಗಿರುತ್ತದೆ ಗೊತ್ತಲ್ಲ. ಚೈನು ಕೆಂಪಗೆ ತುಕ್ಕು ಹಿಡಿದಿರುತ್ತದೆ. ಸೆಲ್ಫ್ ಒತ್ತಿದರೆ ಕಟ್ ಕಟ್ ಅನ್ನುತ್ತದೆ, ಬ್ಯಾಟರಿ ಸತ್ತಿದೆ. ಟೈರಿನ ಗಾಳಿ ಇಳಿದು, ನಿಂತ ಜಾಗದಲ್ಲೇ ರಬ್ಬರು ಮಡಚಿ ಸೀಳು ಬಿಟ್ಟಿರುತ್ತದೆ. ಸೀಟಿನ ಕೆಳಗೆ ಇಲಿ ವಯರು ಕಡಿದಿರುತ್ತದೆ. ವಾರಕ್ಕೆ ಒಂದು ಸಲವೂ ಓಡದ ಗಾಡಿಯನ್ನು ಊರಿಗೆ ಕಳಿಸಿ, ಇಲ್ಲಾ ಮಾರಿ. ಮಧ್ಯದ ದಾರಿ ಇಲ್ಲ.

ಕಾರಿನ ವಿಷಯ ಜಾಸ್ತಿ ಹೇಳುವುದಿಲ್ಲ. ಒಬ್ಬರೇ ಇದ್ದು, ಬೆಳಗಾವಿಯ ಗಲ್ಲಿಯಲ್ಲಿ ಬಾಡಿಗೆಗೆ ಇದ್ದರೆ ಕಾರು ನಿಲ್ಲಿಸಲು ಜಾಗವೇ ಇರುವುದಿಲ್ಲ. ಗಣಪತ ಗಲ್ಲಿಗೆ ಕಾರಿನಲ್ಲಿ ಹೋಗಿ ಬಂದವರನ್ನು ಕೇಳಿ. 1,000ದಿಂದ 1,500 ಸಿಸಿಯ ಕಾರಿಗೆ ಮೂರನೇ ವ್ಯಕ್ತಿ ವಿಮೆಯೇ ಜಿಎಸ್‌ಟಿ ಸೇರಿ 4,000 ದಾಟುತ್ತದೆ. ಅಪ್ಪ ಕೊಟ್ಟ ಕಾರು 15 ವರ್ಷ ದಾಟಿದ್ದರೆ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಿಂದ ಕಮ್ಮಿ ಅಂದರೂ 5,000 ಆಗಿದೆ, ಫಿಟ್‌ನೆಸ್ ರಿಪೇರಿ ಬೇರೆ. ವರ್ಷಕ್ಕೆ ಮೂರು ನಾಲ್ಕು ಸಲ ಸವದತ್ತಿಗೋ ಮದುವೆಗೋ ಹೋಗಲು ಬಾಡಿಗೆ ಕಾರು ಸಾಕು. ವಯಸ್ಸಾದ ತಂದೆ-ತಾಯಿ ಜೊತೆಗಿದ್ದು ಆಸ್ಪತ್ರೆಗೆ ಓಡಾಟ ಇದ್ದರೆ ಮಾತ್ರ ಈ ಲೆಕ್ಕ ಬಿಟ್ಟುಬಿಡಿ, ಕಾರು ಇಟ್ಟುಕೊಳ್ಳಿ.

ಎಲೆಕ್ಟ್ರಿಕ್ ಸ್ಕೂಟರಿನ ಬಗ್ಗೆ ಕೇಳುವವರಿಗೆ ನನ್ನ ಮರುಪ್ರಶ್ನೆ ಒಂದೇ, ರಾತ್ರಿ ಚಾರ್ಜ್ ಎಲ್ಲಿ ಹಾಕುತ್ತೀರಿ? ಸ್ವಂತ ಮನೆ ಇದ್ದು ದಿನಕ್ಕೆ 30-40 ಕಿಲೋಮೀಟರ್ ಓಡಾಟ ಇದ್ದರೆ ಚೆನ್ನಾಗಿದೆ. ಎರಡನೇ ಮಹಡಿಯ ಬಾಡಿಗೆ ರೂಮು, ಒಂದೇ ಮೀಟರು, ಕರೆಂಟ್ ಬಿಲ್ಲಿಗೆ ಗೊಣಗುವ ಮಾಲೀಕರು ಇದ್ದರೆ ಬೇಡ. ಅದಕ್ಕೋಸ್ಕರ ಚಾಲ್ತಿಯಲ್ಲಿರುವ ಪೆಟ್ರೋಲ್ ಗಾಡಿ ಮಾರಿ ಹೊಸ ಸಾಲ ಮಾಡುವುದು ಅಂತೂ ಬೇಡವೇ ಬೇಡ.

ಮಾರುವುದೇ ಖಾತ್ರಿ ಆದರೆ

ಮಾರಿ ರೊಕ್ಕ ಎಣಿಸಿಕೊಂಡ ಕೂಡಲೇ ಕೆಲಸ ಮುಗಿಯಿತು ಅಂತ ತಿಳಿಯುತ್ತಾರೆ. ಹೆಸರು ಬದಲಾಯಿಸಲು ಬೇಕಾದ ಫಾರ್ಮ್ 29, 30ಕ್ಕೆ ಸಹಿ ಹಾಕಿ ಡೀಲರ್ ಕೈಗೆ ಕೊಟ್ಟು ಮರೆತುಬಿಡುತ್ತಾರೆ. ಆ ಗಾಡಿ ಆರು ತಿಂಗಳು ನಿಮ್ಮ ಹೆಸರಿನಲ್ಲೇ ಯಾರ ಯಾರ ಕೈಯಲ್ಲೋ ಓಡುತ್ತಿರುತ್ತದೆ. ಕಾಯ್ದೆ ಪ್ರಕಾರ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಗಾಡಿ ಮಾರಿದ್ದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ಹೆಸರಿರುವವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವರ ಆಧಾರ್ ಪ್ರತಿ, ಗಾಡಿ ಕೊಟ್ಟ ದಿನ ಮತ್ತು ಸಮಯ ಬರೆದ ಕಾಗದ, ಇಬ್ಬರ ಸಹಿ ಇಟ್ಟುಕೊಳ್ಳಿ. ಹೆಸರು ಬದಲಾಯಿತಾ ಅಂತ ಪರಿವಾಹನ್ ಜಾಲತಾಣದಲ್ಲಿ ನೋಡುತ್ತಾ ಇರಿ. ಸಾಧ್ಯವಾದರೆ ಕೊಂಡವರಿಂದ ಐದು ಸಾವಿರ ಠೇವಣಿ ಇಟ್ಟುಕೊಂಡು, ಆರ್‌ಸಿ ಬದಲಾದ ಮೇಲೆ ವಾಪಸ್ ಕೊಡುವ ಮಾತು ಮಾಡಿ.

ಇನ್ನೊಂದು, ಬಹಳ ಜನ ಕೈಬಿಡುವ ರೊಕ್ಕ. ನಿಮ್ಮ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಸಿಗುವ ಪ್ರೀಮಿಯಮ್ಮಿನ ರಿಯಾಯಿತಿ, ಇದ್ದರೆ ಅದು ಗಾಡಿಯದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇಕಡಾ 50ರ ತನಕ ಇರುತ್ತದೆ. ಮಾರುವಾಗ ವಿಮಾ ಕಂಪನಿಯಿಂದ ಅದರ ಸರ್ಟಿಫಿಕೇಟ್ ಕೇಳಿ ತೆಗೆದುಕೊಂಡರೆ ಮೂರು ವರ್ಷದೊಳಗೆ ತೆಗೆಯುವ ಮುಂದಿನ ಗಾಡಿಯ ಸ್ವಂತ ಹಾನಿ (ಗಾಡಿಗೇ ಆಗುವ ಹಾನಿಯ ವಿಮೆ) ಪ್ರೀಮಿಯಮ್ಮಿನಲ್ಲಿ ಅಷ್ಟು ಕಡಿತ ಸಿಗುತ್ತದೆ. ಪಾಲಿಸಿ ಮುಗಿದು 90 ದಿನ ನವೀಕರಿಸದೆ ಬಿಟ್ಟರೆ ಆ ಬೋನಸ್ ಹೋದ ಹಾಗೆಯೇ. ಹಾಗಾಗಿ ಮಾರಾಟ ಮುಂದಕ್ಕೆ ಹೋಗುತ್ತಿದ್ದರೆ ಮೊದಲು ಪಾಲಿಸಿ ಕಟ್ಟಿ, ಆಮೇಲೆ ಗಿರಾಕಿ ಹುಡುಕಿ.